ಕುವೈತ್‌ನಲ್ಲಿ ರಾಜಕೀಯ ಮಾತಾಡಬಹುದಾ?

ತಮ್ಮಾ, ಬರುವ ತಿಂಗಳು ಕುವೈತ್‌ಗೆ ಬರುತ್ತಿದ್ದೀಯ. "ಅಲ್ಲಿ ದೊರೆಗಳ ಆಳ್ವಿಕೆ, ರಾಜಕೀಯದ ಸುದ್ದಿಯೇ ಎತ್ತಬಾರದಂತೆ, ಹೌದಾ ಅಣ್ಣಾ?" ಅಂತ ಕೇಳಿದ್ದೀಯ. ಅರ್ಧ ನಿಜ. ಎತ್ತಬಾರದವರು ನಾವು, ಹೊರಗಿನಿಂದ ಬಂದವರು. ಕುವೈತಿಗಳಿಗೆ ರಾಜಕೀಯ ಇಲ್ಲದೆ ಸಂಜೆಯೇ ಕಳೆಯುವುದಿಲ್ಲ.

ಕೊಲ್ಲಿ ದೇಶಗಳೆಲ್ಲ ಒಂದೇ ಅಂದುಕೊಳ್ಳಬೇಡ. ಇಲ್ಲಿ 1962ರಿಂದಲೇ ಸಂವಿಧಾನ ಇದೆ. ಜನ ಆರಿಸಿದ 50 ಸದಸ್ಯರು ಸಂಸತ್ತಿನಲ್ಲಿ ಆಳುವ ಮನೆತನದ ಮಂತ್ರಿಗಳನ್ನೂ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಹೆಂಗಸರಿಗೆ ವೋಟು ಸಿಕ್ಕಿದ್ದು ಮಾತ್ರ ತಡವಾಗಿ, 2005ರಲ್ಲಿ.

ಅಸಲಿ ರಾಜಕೀಯ ನಡೆಯುವುದು ದಿವಾನಿಯಾದಲ್ಲಿ. ಮನೆಗೆ ಹೊಂದಿಕೊಂಡ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಕೂರುವ ಜಾಗ, ಹೆಚ್ಚಾಗಿ ಗಂಡಸರದೇ ಸಭೆ. ಚುನಾವಣೆ ಬಂದರೆ ಅಭ್ಯರ್ಥಿಗಳು ದಿವಾನಿಯಾಗಳನ್ನೇ ಸುತ್ತುತ್ತಿದ್ದರು. ನಮ್ಮ ಮ್ಯಾನೇಜರ್ ಒಮ್ಮೆ ನನ್ನನ್ನೂ ಕರೆದಿದ್ದರು. ಕೂತವರ ಕೈಯನ್ನೆಲ್ಲ ಕುಲುಕಿಯೇ ಕೂರಬೇಕು. ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಡುತ್ತಾರೆ. ಸಾಕು ಅಂತ ಬಟ್ಟಲು ಅಲ್ಲಾಡಿಸದಿದ್ದರೆ ಸುರಿಯುತ್ತಲೇ ಇರುತ್ತಾರೆ! ಒಬ್ಬ ಅಜ್ಜ ಮಂತ್ರಿಯೊಬ್ಬರನ್ನು ಚೆನ್ನಾಗಿ ಜಾಡಿಸುತ್ತಿದ್ದರು. ಆ ಮಂತ್ರಿಯ ನೆಂಟರು ಎದುರಿಗೇ ನಗುತ್ತಾ ಕೂತಿದ್ದರು.

ಅದು ಹಳೇ ಮಾತು. 2024ರ ಏಪ್ರಿಲ್‌ನಲ್ಲಿ ಚುನಾವಣೆ ಆಯಿತು. ಮೇ 10ಕ್ಕೆ ಅಮೀರ್, ಅಂದರೆ ಇಲ್ಲಿನ ದೊರೆ, ಶೇಖ್ ಮಿಶಾಲ್ ಸಂಸತ್ತನ್ನು ವಿಸರ್ಜಿಸಿದರು, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷದವರೆಗೆ ತಡೆಹಿಡಿದರು. ಸರ್ಕಾರ, ಸಂಸತ್ತಿನ ಜಗಳಕ್ಕೆ ಬೇಸತ್ತು "ಒಳ್ಳೇದೇ ಆಯ್ತು" ಅಂದ ಕುವೈತಿಗಳೂ ನನಗೆ ಸಿಕ್ಕಿದ್ದಾರೆ. ಆಮೇಲೆ ಸಾವಿರಾರು ಜನರ ಪೌರತ್ವವೇ ರದ್ದಾಯಿತು. ಈಗ ಜನ ಸ್ವಲ್ಪ ಅಳೆದು ತೂಗಿ ಮಾತಾಡುತ್ತಾರೆ.

ಇನ್ನೊಂದು ವಿಷಯ. 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿದ್ದನ್ನು ಇವರು ಮರೆತಿಲ್ಲ. ಆಗ ಜೋರ್ಡಾನ್‌ನ ಅಮ್ಮಾನ್ ಮೂಲಕ ಮುಂಬೈಗೆ ವಿಮಾನ ಹತ್ತಿ ಬಂದ ನಮ್ಮ ಕರಾವಳಿಯ ಹಿರಿಯರೂ ಮರೆತಿಲ್ಲ. ಅಮೆರಿಕದ ಸೇನೆ ಬಂದು ಬಿಡಿಸಿತು ಅಂತ ಅದರ ನೆಲೆಗಳ ಬಗ್ಗೆ ಇಲ್ಲಿ ಅಷ್ಟು ತಕರಾರಿಲ್ಲ. ಪ್ಯಾಲೆಸ್ತೀನ್ ವಿಷಯಕ್ಕೆ ಬಂದರೆ ಮಾತ್ರ ಅದೇ ಅಮೆರಿಕದ ಮೇಲೆ ಸಿಟ್ಟು. ಗಾಜಾ ಯುದ್ಧ ಶುರುವಾದ ಮೇಲೆ ಅಮೆರಿಕದ ಬ್ರ್ಯಾಂಡಿನ ಕಾಫಿ ಅಂಗಡಿಗಳಿಗೆ ಹೋಗುವುದನ್ನೇ ಎಷ್ಟೋ ಜನ ಬಿಟ್ಟರು. ಎರಡೂ ಒಟ್ಟಿಗೇ ಇರುತ್ತವೆ, ಅಷ್ಟೇ.

ನೀನು ಕೇಳಿಸಿಕೋ, ಬೇಕಾದರೆ ಪ್ರಶ್ನೆಯೂ ಕೇಳು, ತೀರ್ಪು ಕೊಡಬೇಡ. ಅಮೀರರ ಬಗ್ಗೆ ತಮಾಷೆಯೂ ಬೇಡ. ಊರಿನ ವಾಟ್ಸಾಪ್ ಗುಂಪಿನಲ್ಲಿ ಬರುತ್ತವಲ್ಲ, ಧರ್ಮದ ಜಗಳದ ಪೋಸ್ಟುಗಳು, ಅವನ್ನು ಸುಮ್ನೆ ಫಾರ್ವರ್ಡ್ ಮಾಡಿದರೂ ಕೇಸಾಗಿ ಗಡೀಪಾರು ಆಗಬಹುದು. ವಿಮಾನ ಹತ್ತುವ ಮೊದಲೇ ಅಂಥ ಗುಂಪುಗಳಿಂದ ಹೊರಗೆ ಬಾ.