ಮುಚ್ಚಳ ಗಟ್ಟಿಯೋ, ಸುರುಳಿಯೋ?

ಪ್ರಶ್ನೆ: ಅಮೆರಿಕದ ಅರಿಜೋನಾದಲ್ಲಿರುವ ನನ್ನ ಮಗ ತನ್ನ ಪಿಕಪ್ ಟ್ರಕ್ಕಿಗೆ ‘ಫಿಫ್ತ್ ವೀಲ್’ ಬಗೆಯ ಮನೆ-ಟ್ರೇಲರ್ ಕೊಂಡಿದ್ದಾನೆ. ಟ್ರಕ್ಕಿನ ಹಿಂದೆ ಸಾಮಾನು ತುಂಬುವ ತೆರೆದ ಬಾಡಿ ಆರೂವರೆ ಅಡಿ ಉದ್ದವಿದೆ. ಕಳ್ಳರ ಭಯಕ್ಕೆ ಬಾಡಿಯ ಮೇಲೆ ಬೀಗ ಹಾಕುವ ಗಟ್ಟಿ ಮುಚ್ಚಳ ಬೇಕೆಂದು ಅವನೂ, ಅದು ಟ್ರೇಲರಿಗೆ ಅಡ್ಡ ಬರುತ್ತದೆಂದು ಸೊಸೆಯೂ ವಾದಿಸುತ್ತಿದ್ದಾರೆ. ಲಾರಿ ಓಡಿಸಿದವನೆಂದು ತೀರ್ಪನ್ನು ನನಗೆ ಬಿಟ್ಟಿದ್ದಾರೆ. ಏನು ಹೇಳಲಿ?
– ಓದುಗರು, ಬನ್ನಿಮಂಟಪ, ಮೈಸೂರು

ಉತ್ತರ: ಸೊಸೆಯ ಮಾತಿನಲ್ಲಿ ಹೆಚ್ಚು ಹುರುಳಿದೆ. ಮಂಡ್ಯದ ಕಡೆಯ ಕಬ್ಬಿನ ಟ್ರ್ಯಾಕ್ಟರಿನಂತೆ ಹಿಂದಿನ ಕೊಕ್ಕೆಯಿಂದ ಎಳೆಯುವ ಟ್ರೇಲರಾಗಿದ್ದರೆ, ಬಾಡಿಯ ಮೇಲೆ ಯಾವ ಮುಚ್ಚಳವಿದ್ದರೂ ತೊಂದರೆಯಿರಲಿಲ್ಲ. ಇದು ನೀವು ಕಂಟೇನರ್ ಲಾರಿಗಳಲ್ಲಿ ಕಂಡಿರುವ ಜೋಡಣೆ: ಟ್ರೇಲರಿನ ಮೂತಿಯಿಂದ ಕೆಳಕ್ಕಿಳಿದ ಎರಡು ಇಂಚು ದಪ್ಪದ ಗೂಟವಾದ ಕಿಂಗ್‌ಪಿನ್, ಹಿಂದಿನ ಆಕ್ಸಲ್ಲಿನ ನೇರಕ್ಕೋ ತುಸು ಮುಂದಕ್ಕೋ ಬಾಡಿಯೊಳಗೆ ಬಿಗಿದ ಹಿಚ್ಚಿನ (ಟ್ರೇಲರನ್ನು ಸಿಕ್ಕಿಸುವ ಕೊಂಡಿಯ) ದವಡೆಗೆ ಸಿಕ್ಕಿಕೊಳ್ಳುತ್ತದೆ. (ನಮ್ಮೂರಿನ ಸಾರೋಟಿನಂಥ ನಾಲ್ಕು ಚಕ್ರದ ಕುದುರೆಗಾಡಿಗಳ ಮುಂದಿನ ಅಚ್ಚಿನ ಮೇಲೆ, ತಿರುಗಲೆಂದು ಮಲಗಿಸಿದ ಬಳೆಯಿಂದಲೇ ಈ ‘ಐದನೇ ಚಕ್ರ’ ಎಂಬ ಹೆಸರು ಬಂದಿದೆ.) ಹೀಗಾಗಿ ಎಳೆಯುವ ಹೊತ್ತಿನಲ್ಲಿ ಬಾಡಿ ತೆರೆದೇ ಇರಬೇಕು, ಬೀಗದ ಉಪಯೋಗ ಟ್ರೇಲರ್ ಇಲ್ಲದ ದಿನಗಳಿಗೆ ಮಾತ್ರ.

ಅಂದಮೇಲೆ ಕೇಳಬೇಕಾದದ್ದು ಮುಚ್ಚಳ ಎಷ್ಟು ಗಟ್ಟಿ ಎಂಬುದನ್ನಲ್ಲ, ತೆರೆದಾಗ ಅದು ಎಲ್ಲಿ ಹೋಗಿ ಕೂರುತ್ತದೆ ಎಂಬುದನ್ನು. ಒಂದೇ ಹಲಗೆಯ ಮುಚ್ಚಳವನ್ನು ಪ್ರತಿ ಪ್ರಯಾಣಕ್ಕೂ ಇಬ್ಬರು ಹಿಡಿದು ಕಳಚಿ ಮನೆಯಲ್ಲಿಡಬೇಕಾದ್ದರಿಂದ ಅದನ್ನು ಮರೆತುಬಿಡುವುದು ಲೇಸು. ಮೂರು ಮಡಿಕೆಯದನ್ನು ಮಡಿಸಿ ಕ್ಯಾಬಿನ್ನಿಗೆ ಒರಗಿಸಿದರೆ, ಇಷ್ಟು ಚಿಕ್ಕ ಬಾಡಿಯಲ್ಲಿ ಬಿಗಿ ತಿರುವಿನಲ್ಲಿ ಟ್ರೇಲರಿನ ಮೂಲೆ ಅದಕ್ಕೆ ತಾಗುವ ಅಪಾಯವಿದೆ. ಪೆಟ್ಟಿಗೆಯೊಳಕ್ಕೆ ಸರಿದುಕೊಳ್ಳುವ ಅಲ್ಯೂಮಿನಿಯಂ ಮುಚ್ಚಳ ಬೀಗದ ಆಸೆಯನ್ನು ತೀರಿಸುತ್ತದೆ, ಆದರೆ ಆ ಪೆಟ್ಟಿಗೆ ಕ್ಯಾಬಿನ್ನಿನ ಬಳಿ ಸುಮಾರು ಒಂದಡಿ ಜಾಗ ನುಂಗುತ್ತದೆ, ಬೆಲೆಯೂ ಜಾಸ್ತಿ. ನನ್ನ ಒಲವು ಸುರುಳಿ ಸುತ್ತುವ ಬಟ್ಟೆಯ ಹೊದಿಕೆಯ ಕಡೆಗಿದೆ: ಅದು ಹಗುರ, ಅಗ್ಗ, ಸುತ್ತಿ ಪಟ್ಟಿ ಬಿಗಿದರೆ ಗಾಳಿಗೆ ಬಡಿದುಕೊಳ್ಳುವುದಿಲ್ಲ. ಚಾಕು ಹಿಡಿದ ಕಳ್ಳನನ್ನು ಅದು ತಡೆಯದು ಎಂಬುದು ನಿಜ. ಬೆಲೆಬಾಳುವ ಸಾಮಾನನ್ನು ಕ್ಯಾಬಿನ್ನಿನೊಳಗೆ ಇಟ್ಟುಕೊಳ್ಳಲಿ.

ಆ ಹೊದಿಕೆಯಲ್ಲಿಯೂ ಬಟ್ಟೆಯನ್ನು ಹಿಡಿದಿಡುವ ಕಂಬಿಗಳು ಬಾಡಿಯ ಪಕ್ಕದ ಅಂಚಿನ ಮೇಲೆ ಏರದೆ ಒಳಮಗ್ಗುಲಲ್ಲಿ ತಗ್ಗಾಗಿ ಕೂರುವ ಮಾದರಿಯನ್ನೇ ಆರಿಸಬೇಕು. ಏಕೆಂದರೆ ಏರುತಗ್ಗಿನ ರಸ್ತೆಯಲ್ಲಿ ಟ್ರಕ್ಕೂ ಟ್ರೇಲರೂ ಬೇರೆ ಬೇರೆ ಕೋನಕ್ಕೆ ವಾಲುವಾಗ ತಾಗದಿರಲೆಂದು ಆ ಅಂಚಿಗೂ ಟ್ರೇಲರಿನ ಮೂತಿಯ ತಳಕ್ಕೂ ನಡುವೆ ಸುಮಾರು 6 ಇಂಚು ಅಂತರ ಬಿಡುವುದು ರೂಢಿ. ಅಂಚಿನ ಮೇಲೆ ಎದ್ದುನಿಂತ ಕಂಬಿ ಆ ಅಂತರವನ್ನೇ ತಿನ್ನುತ್ತದೆ. ಹಾಗೆಯೇ ಹಿಚ್ಚಿನ ತಲೆ ಅಂಚಿಗಿಂತ ಎತ್ತರಕ್ಕೆ ಬಂದರೆ ಅದನ್ನು ಕಳಚದೆ ಯಾವ ಹೊದಿಕೆಯನ್ನೂ ಪೂರ್ತಿ ಮುಚ್ಚಲಾಗದು. ಆದ್ದರಿಂದ ಸುಲಭವಾಗಿ ಕಳಚುವ ಹಿಚ್ಚನ್ನು, ಆರೂವರೆ ಅಡಿಯ ಬಾಡಿಯಾದ್ದರಿಂದ ಟ್ರೇಲರಿನ ಮೂಲೆ ಕ್ಯಾಬಿನ್ನಿಗೆ ತಾಗದಂತೆ ತಿರುವಿನಲ್ಲಿ ಹಿಂದಕ್ಕೆ ಜಾರುವ ಸೌಲಭ್ಯವಿರುವುದನ್ನು, ಮೊದಲು ಕೂರಿಸಲಿ; ಹೊದಿಕೆಯ ಅಳತೆ ತೆಗೆಯುವುದು ಅದರ ನಂತರ.

ಟ್ರೇಲರಿನ ತೂಕದಲ್ಲಿ ಶೇಕಡ 15ರಿಂದ 25ರಷ್ಟು ಪಿನ್ನಿನ ಮೂಲಕ ಟ್ರಕ್ಕಿನ ಮೇಲೆ ಕೂರುತ್ತದೆ. ಐದು ಟನ್ನಿನ ಟ್ರೇಲರಾದರೆ ಅದು ಒಂದು ಟನ್ನಿನ ಆಸುಪಾಸು. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಬರೆದ ಹೊರೆಯ ಮಿತಿಯೊಳಗೆ ಈ ಭಾರದ ಜೊತೆ ಜನ, ಸಾಮಾನು, ಹಿಚ್ಚು, ಮುಚ್ಚಳ ಎಲ್ಲವೂ ಹಿಡಿಸಬೇಕು. ಹಗುರ ಹೊದಿಕೆಯ ಪರವಾಗಿ ಮಗನ ಮುಂದಿಡಲು ನಿಮಗೆ ಇದೂ ಒಂದು ಕಾರಣ.