ಮುತ್ಯಾನ ಟ್ರಂಕಿನಲ್ಲಿ ಸಿಕ್ಕ ಪದಕ

ಪ್ರಶ್ನೆ: ನಮ್ಮ ಮುತ್ಯಾ ಸೈನ್ಯದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕು ತೆಗೆದರೆ ಕಂಚಿನ ದುಂಡು ಪದಕವೊಂದು ಸಿಕ್ಕಿತು. ಒಂದು ಕಡೆ ನಕ್ಷತ್ರ, ಇನ್ನೊಂದು ಕಡೆ ಸಿಂಹದ ಲಾಂಛನ, ಹಳದಿ ರಿಬ್ಬನ್ನಿನ ಮೇಲೆ ಮೂರು ನೀಲಿ ಗೆರೆ. ನೆಂಟರೊಬ್ಬರು ‘ಇದು ಥರ್ಡ್ ಕ್ಲಾಸ್ ಮೆಡಲ್’ ಅಂದುಬಿಟ್ಟರು. ಅವ್ವನಿಗೆ ಬಹಳ ಬೇಜಾರಾಗಿದೆ. ಇದು ಶೌರ್ಯಕ್ಕೆ ಕೊಟ್ಟದ್ದಾ? ಬಿದ್ರಿ ಕೆಲಸದವರ ಹತ್ತಿರ ಪಾಲಿಶ್ ಮಾಡಿಸಬಹುದಾ?
— ಓದುಗರೊಬ್ಬರು, ಬೀದರ್

ಉತ್ತರ: ಮೊದಲು ಅವ್ವನಿಗೆ ಸಮಾಧಾನ ಹೇಳಿ. ನೀವು ಬರೆದ ಗುರುತುಗಳೆಲ್ಲ ವಿಶಿಷ್ಟ ಸೇವಾ ಪದಕದವು. 1960ರಲ್ಲಿ ಇದು ಶುರುವಾದಾಗ ಮೂರು ದರ್ಜೆಗಳಿದ್ದವು, ಹೆಸರಿನಲ್ಲೇ ಒಂದನೇ, ಎರಡನೇ, ಮೂರನೇ ದರ್ಜೆ ಅಂತ ಇತ್ತು. 1967ರಲ್ಲಿ ಅದನ್ನು ಬಿಟ್ಟು ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ ಸೇವಾ ಪದಕ ಅಂತ ಮಾಡಿದರು. ನಿಮ್ಮ ನೆಂಟರು ಆ ಹಳೇ ಹೆಸರನ್ನೇ ಎಲ್ಲೋ ಕೇಳಿರಬೇಕು. ಆದರೆ ಬೈಗುಳದ ಹಾಗೆ ಅದನ್ನು ಹೇಳುವುದು ಸರಿಯಲ್ಲ, ಯಾಕಂದರೆ ಈ ಪದಕ ಸುಮ್ನೆ ಸರ್ವಿಸ್ ಮುಗಿಸಿದವರಿಗೆಲ್ಲ ಸಿಗುವುದಿಲ್ಲ.

ಇದು ಶೌರ್ಯ ಪದಕ ಅಲ್ಲ. ಉನ್ನತ ಮಟ್ಟದ ಸೇವೆಗೆ ಕೊಡುವಂಥದ್ದು. ಗುಂಡಿನ ಎದುರು ನಿಂತ ಒಂದು ಗಳಿಗೆಗೆ ವೀರ ಚಕ್ರದಂಥ ಶೌರ್ಯ ಪದಕ ಸಿಕ್ಕರೆ, ಕೆಲಸವನ್ನು ಅಚ್ಚುಕಟ್ಟಾಗಿ ಹೊತ್ತು ನಡೆಸಿದವರಿಗೆ ಇದು. ನನಗೆ ಎರಡೂ ದೊಡ್ಡವೇ.

ವಿನ್ಯಾಸದಲ್ಲಿ ನನಗೆ ಇಷ್ಟವಾಗುವುದು ರಿಬ್ಬನ್. ಮೂರಕ್ಕೂ ಅದೇ ಚಿನ್ನದ ಹಳದಿ, ಅದೇ ಕಡು ನೀಲಿ ಗೆರೆ. ಪರಮಕ್ಕೆ ಒಂದೇ ಗೆರೆ, ಅದು ಹಳದಿಯನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. ಅತಿಗೆ ಎರಡು ಗೆರೆ, ಮೂರು ಪಾಲು. ನಿಮ್ಮ ಮುತ್ಯಾನದಕ್ಕೆ ಮೂರು ಗೆರೆ, ನಾಲ್ಕು ಪಾಲು. ಗೆರೆ ಜಾಸ್ತಿ ಇದ್ದರೆ ಮೇಲಿನದು ಅಂತ ಅನ್ನಿಸುತ್ತೆ ಅಲ್ವಾ? ಇಲ್ಲಿ ತಿರುಗಾಮುರುಗಾ. ಮೂರೂ 35 ಮಿಲಿಮೀಟರ್ ಅಗಲದ ದುಂಡು ಬಿಲ್ಲೆಗಳೇ, ಎಲ್ಲದರ ಮೇಲೂ ಅದೇ ಐದು ಮೂಲೆಯ ನಕ್ಷತ್ರ. ಪರಮಕ್ಕೆ ಚಿನ್ನದ ಲೇಪ, ಅತಿಗೆ ಬೆಳ್ಳಿ, ವಿಶಿಷ್ಟಕ್ಕೆ ಕಂಚು.

ಪಾಲಿಶ್ ಮಾತ್ರ ಬೇಡ. ಬಿದ್ರಿಯಲ್ಲಿ ಕಪ್ಪು ತಳದ ಮೇಲೆ ಬೆಳ್ಳಿ ಹೊಳೆಯಬೇಕು, ಅದಕ್ಕೆ ಉಜ್ಜುತ್ತಾರೆ. ಇದು ಕಂಚು, ಉಜ್ಜಿದಷ್ಟೂ ನಕ್ಷತ್ರದ ಅಂಚು ಸವೆಯುತ್ತದೆ. ಹಬ್ಬಕ್ಕೆ ತಾಮ್ರದ ಕೊಡ ತಿಕ್ಕಿದ ಹಾಗೆ ಹುಣಸೆಹಣ್ಣನ್ನೂ ಹಚ್ಚಬೇಡಿ. ಒಣಗಿದ ಮೆತ್ತನೆ ಹತ್ತಿ ಬಟ್ಟೆಯಿಂದ ಧೂಳು ಒರೆಸಿ, ರಿಬ್ಬನ್ನಿಗೆ ಬಿಸಿಲು ತಾಗದ ಕಡೆ ಇಡಿ. ಹಾಗೇ ಟ್ರಂಕಿನ ತಳದಲ್ಲಿ ಹಳೇ ಕಾಗದಗಳಿದ್ದರೆ ಎಸೆಯಬೇಡಿ. ಈ ಪದಕ ಪಡೆದವರ ಹೆಸರು ಭಾರತ ಸರ್ಕಾರದ ಗೆಜೆಟ್‌ನಲ್ಲಿ ಬರುತ್ತದೆ, ಮುತ್ಯಾನ ನಂಬರು, ರೆಜಿಮೆಂಟು ಆ ಕಾಗದಗಳಲ್ಲಿ ಸಿಕ್ಕರೆ ಯಾವ ವರ್ಷದ್ದು ಅಂತ ಹುಡುಕಲು ಸುಲಭ.