ಮನೆಯ ಕಾಡಿಗೆ, ಅಂಗಡಿಯ ಸುರ್ಮ: ಎಳೆಗೂಸಿನ ಕಣ್ಣಿಗೆ ಹಚ್ಚಬಹುದೇ?

ಮೂರು ತಿಂಗಳ ಮಗುವಿಗೆ ಅತ್ತೆಯವರು ಮನೆಯಲ್ಲೇ ಮಾಡಿದ ಕಾಡಿಗೆ ಹಚ್ಚುತ್ತಾರೆ, ನೆಂಟರೊಬ್ಬರು ಸುರ್ಮದ ಡಬ್ಬಿಯನ್ನೂ ಕೊಟ್ಟಿದ್ದಾರೆ, ಎರಡೂ ನೈಸರ್ಗಿಕವಾದ್ದರಿಂದ ಅಪಾಯವಿಲ್ಲವಲ್ಲವೇ ಎಂದು ಕೇಳಿದ್ದೀರಿ. ದಯವಿಟ್ಟು ಇವೆರಡನ್ನೂ ಒಂದೇ ಎಂದು ತಿಳಿಯಬೇಡಿ, ಮತ್ತು ಸುರ್ಮದ ಡಬ್ಬಿಯನ್ನು ಇವತ್ತೇ ಮಗುವಿನಿಂದ ದೂರವಿಡಿ.

ಸಾಂಪ್ರದಾಯಿಕ ಸುರ್ಮವನ್ನು ಹಲವು ಕಡೆ ಗೆಲೀನಾ ಎಂಬ ಅದಿರಿನ ಕಲ್ಲನ್ನು ನುಣ್ಣಗೆ ಅರೆದು ಮಾಡುತ್ತಾರೆ. ಅದು ನೆಲದಿಂದ ಅಗೆದು ತೆಗೆದದ್ದು, ಆ ಅರ್ಥದಲ್ಲಿ ನೈಸರ್ಗಿಕವೇ ಹೌದು. ಆದರೆ ಶುದ್ಧ ಗೆಲೀನಾದ ತೂಕದಲ್ಲಿ ಶೇಕಡ 86ಕ್ಕೂ ಹೆಚ್ಚು ಪಾಲು ಸೀಸ. ಮಗು ಕಣ್ಣುಜ್ಜಿದ ಕೈಯನ್ನೇ ಬಾಯಿಗಿಟ್ಟು ಚೀಪುವುದರಿಂದ ಆ ಪುಡಿ ಹೊಟ್ಟೆಗೆ ಹೋಗುತ್ತದೆ, ಮತ್ತು ನುಂಗಿದ ಸೀಸವನ್ನು ಎಳೆಯ ಮಕ್ಕಳ ದೇಹವು ದೊಡ್ಡವರ ದೇಹಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕಬ್ಬಿಣದ ಕೊರತೆಯಿದ್ದರೆ ಇನ್ನೂ ಹೆಚ್ಚು. ಹೀಗೆ ಸೇರಿದ ಸೀಸವು ಬೆಳೆಯುತ್ತಿರುವ ಮೆದುಳಿಗೆ ಹಾನಿ ಮಾಡುತ್ತದೆ, ಆದರೆ ಮಗು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಇದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಪ್ರಸಾಧನಗಳಿಗೆ ಬಣ್ಣಕ್ಕಾಗಿ ಸೀಸದ ಸಂಯುಕ್ತಗಳನ್ನು ಬಳಸುವುದು ನಮ್ಮ ದೇಶದ ಕಾನೂನಿನಲ್ಲಿ ನಿಷಿದ್ಧ, ಅಮೆರಿಕದಲ್ಲಂತೂ ಇಂಥ ಸುರ್ಮಕ್ಕೆ ಅನುಮತಿಯೇ ಇಲ್ಲ; ಆದರೂ ಚೀಟಿಯಿಲ್ಲದ ಡಬ್ಬಿಗಳು ಪ್ರವಾಸದಿಂದ ಬಂದವರ ಚೀಲದಲ್ಲಿ ಮನೆ ಸೇರುತ್ತವೆ.

ಮನೆಯ ಕಾಡಿಗೆಯ ವಿಷಯ ಬೇರೆ. ನಮ್ಮ ಅಜ್ಜಿ ಹೊನಗೊನ್ನೆ ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿದ ಬಟ್ಟೆಯನ್ನು ಬತ್ತಿ ಮಾಡಿ, ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಕವುಚಿದ ತಟ್ಟೆಗೆ ಹಿಡಿದ ಮಸಿಯನ್ನು ತುಪ್ಪದಲ್ಲಿ ಕಲೆಸುತ್ತಿದ್ದರು. ಅದರಲ್ಲಿ ಸೀಸದ ಅದಿರಿರಲಿಲ್ಲ. ಹಾಗಿದ್ದರೂ ಕಣ್ಣಿನೊಳಗೆ ಹಚ್ಚುವುದನ್ನು ನಾನು ಒಪ್ಪಲಾರೆ, ಏಕೆಂದರೆ ತಿಂಗಳುಗಟ್ಟಲೆ ಒಂದೇ ಭರಣಿಗೆ ಬೆರಳದ್ದಿದಾಗ ಸೋಂಕು ಸೇರಬಹುದು, ಮಸಿಯ ಕಣಗಳು ಕಣ್ಣನ್ನು ಕೆರಳಿಸಬಹುದು. ಕಾಡಿಗೆಯಿಂದ ಕಣ್ಣು ದೊಡ್ಡದಾಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

ಅತ್ತೆಯವರ ಮನಸ್ಸು ನೋಯಿಸಬೇಕಿಲ್ಲ. ದೃಷ್ಟಿಬೊಟ್ಟನ್ನು ಮನೆಯ ಕಾಡಿಗೆಯಿಂದಲೇ, ಕೈಗೆ ಸುಲಭವಾಗಿ ಸಿಗದ ಕಿವಿಯ ಹಿಂದೆ ಇಡಲು ಕೇಳಿಕೊಳ್ಳಿ. ಸುರ್ಮವನ್ನು ಈಗಾಗಲೇ ಒಮ್ಮೆಯಾದರೂ ಹಚ್ಚಿದ್ದರೆ ಮಕ್ಕಳ ವೈದ್ಯರಿಗೆ ಮುಚ್ಚಿಡದೆ ಹೇಳಿ, ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.